ಬೆಂಗಳೂರಿನ ಮಳೆನೀರೂ ಕಟ್ಟಳೆಗಳೂ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರದಲ್ಲಿರುವ ದಿಣ್ಣೆಯ ನಾಡೆಂಬುದು ವಾಚಕರಿಗೆ ವಿದಿತವಾದುದೇ ಸರಿ. ಅದರ ಮಗ್ಗುಲಲ್ಲಿ ಮಹಾನದಿಯೊಂದೂ ಹರಿಯುವುದಿಲ್ಲ. ಅಲ್ಲಿ ಬಿದ್ದ ಮಳೆಯು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳವೆಂಬ ಕಣಿವೆಗಳನ್ನು ಹಿಡಿದು, ಒಂದಂಶವು ಅರ್ಕಾವತಿಯ ಕಡೆಗೂ ಉಳಿದುದು ದಕ್ಷಿಣಪಿನಾಕಿನಿಯ ಕಡೆಗೂ ಇಳಿದುಹೋಗುವುದು. ಆದಕಾರಣ ಪೂರ್ವಿಕರು ಇಳಿಯುವ ನೀರಿಗೆ ಅಲ್ಲಲ್ಲಿ ಏರಿಯನ್ನು ಹಾಕಿ, ಮೇಲಣ ಕೆರೆಯ ಕೋಡಿಯ ನೀರು ಕಾಲುವೆಯ ಮೂಲಕ ಕೆಳಗಣ ಕೆರೆಯನ್ನು ಸೇರುವಂತೆ ಕೆರೆಗಳ ಮಾಲೆಯನ್ನೇ ಕಟ್ಟಿದರು.

ಈ ಪದ್ಧತಿಯು ಬಹು ಪ್ರಾಚೀನವಾದುದು. ಕ್ರಿ. ಶ. ಸುಮಾರು 870ರ ಅಗರದ ಶಾಸನದಲ್ಲಿ, ಇರುಗಮಯ್ಯನೆಂಬಾತನು ಕೆರೆಗಳಿಗೆ ತೂಬನ್ನಿಡಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿ, ಅವುಗಳ ಬಿತ್ತುವಟ್ಟವನ್ನು ಪಡೆದ ಸಂಗತಿಯಿದೆ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಸಲ್ಲುತ್ತಿದ್ದ ಭೂಮಿಯ ಮಾನ್ಯ. ಕೆರೆಯನ್ನು ಕಟ್ಟಿಸುವುದು ಪೂರ್ತವೆಂಬ ಪುಣ್ಯಕರ್ಮವೆಂದು ಧರ್ಮಶಾಸ್ತ್ರವು ಹೇಳಿತು. ಆದರೆ ಪುಣ್ಯವೊಂದರಿಂದಲೇ ಹೂಳೆತ್ತಲಾಗದೆಂಬುದನ್ನರಿತು, ಲೋಕವ್ಯವಹಾರವು ಅದಕ್ಕೆ ಜೀವಿಕೆಯನ್ನೂ ಜೋಡಿಸಿತು. ಆ ಕಾಲವು ನಿರ್ದೋಷವಾಗಿದ್ದಿತೆಂದಲ್ಲ. ತೂಬನ್ನೆತ್ತಿ ನೀರು ಹಂಚುತ್ತಿದ್ದ ನೀರುಗಂಟಿಗಳಲ್ಲಿ ಅನೇಕರು ಅಸ್ಪೃಶ್ಯತೆಯ ಕಷ್ಟವನ್ನುಂಡವರೇ. ಅವರ ದುಡಿಮೆಯನ್ನು ಮರೆತು ಕಟ್ಟಿಸಿದವರನ್ನಷ್ಟೇ ಹೊಗಳುವುದು ನ್ಯಾಯವಲ್ಲ.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಗಳಲ್ಲಿ ನೀರು ಬಂದ ಮೇಲೆ ಊರ ಕೆರೆಗಳ ಅವಶ್ಯಕತೆಯು ಜನರ ಕಣ್ಣಿಗೆ ಕಿರಿದಾಯಿತು. ಧರ್ಮಾಂಬುಧಿಯ ಪಾತ್ರದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಪಾತ್ರದಲ್ಲಿ ಕ್ರೀಡಾಂಗಣವೂ ಎದ್ದವು. ಕುಡಿಯುವ ನೀರಿಗೆ ಬೇರೆ ದಾರಿಯಾಯಿತು, ಮಳೆಯ ನೀರಿಗೆ ಇದ್ದ ದಾರಿಯೂ ಹೋಯಿತು.

ಬಹುಕಾಲದ ಮೇಲೆ ಶಾಸನಕರ್ತರು ಎಚ್ಚೆತ್ತರು. 2009ರ ತಿದ್ದುಪಡಿಯಿಂದ 30 ಅಡಿ ಅಗಲ 40 ಅಡಿ ಉದ್ದದ, ಅಥವಾ ಅದಕ್ಕೂ ಮೇಲ್ಪಟ್ಟ ನಿವೇಶನದಲ್ಲಿ ಹೊಸ ಮನೆ ಕಟ್ಟುವವರಿಗೆ ಮಳೆನೀರಿನ ಕೊಯ್ಲು ಕಡ್ಡಾಯವಾಯಿತು. ಮೊದಲ ನಿಯಮದಂತೆ ಚಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರು, ಕಲ್ಲುಹಾಸಿದ ಅಂಗಳದ ಚದರ ಮೀಟರಿಗೆ 10 ಲೀಟರು ನೀರನ್ನು ತೊಟ್ಟಿಯಲ್ಲಾಗಲಿ ಇಂಗುಗುಂಡಿಯಲ್ಲಾಗಲಿ ಹಿಡಿಯಬೇಕಾಗಿದ್ದಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಹಾಗಾದರೆ 100 ಚದರ ಮೀಟರಿನ ಚಾವಣಿಗೆ 2,000 ಲೀಟರಿನ ಏರ್ಪಾಡಾಯಿತು. 50 ಮಿಲಿಮೀಟರಿನ ಒಂದು ಜಡಿಮಳೆಗೆ ಅಲ್ಲಿ ಬೀಳುವುದು 5,000 ಲೀಟರು. ತೊಟ್ಟಿಯು ಬರಿದಾಗಿದ್ದರೂ ಮಿಕ್ಕ 3,000 ಲೀಟರು ಬೀದಿಗೆ ಬರುವುದು. ಆ ನೀರಿಗೆ ರಾಜಕಾಲುವೆಯೂ ಕೆರೆಯೂ ಬೇಕೇ ಬೇಕು.

ಆ ಕೆರೆಗಳ ಅಂಚನ್ನು ಕುರಿತು ವ್ಯಾಜ್ಯವೇ ನಡೆಯಿತು. 2007ರಲ್ಲಿ ಅಂಗೀಕೃತವಾದ ನಗರಯೋಜನೆಯು ಕೆರೆಯ ಸುತ್ತ 30 ಮೀಟರುಗಳನ್ನು ಬಿಡಬೇಕೆಂದಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಅದನ್ನು 75 ಮೀಟರುಗಳಿಗೆ ಏರಿಸಿತು. ಶಾಸನಬದ್ಧವಾದ ಯೋಜನೆಯನ್ನು ಹೀಗೆ ಬದಲಿಸುವ ಅಧಿಕಾರವು ನ್ಯಾಯಮಂಡಲಿಗಿಲ್ಲವೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಮಾಡಿತು. 2022ರ ಸೆಪ್ಟೆಂಬರಿನಲ್ಲಿಯಾದರೋ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ನೀರು ಮನೆಗಳನ್ನು ಹೊಕ್ಕು, ಸಿರಿವಂತರೂ ದೋಣಿಯನ್ನೂ ಟ್ರಾಕ್ಟರನ್ನೂ ಏರಿ ಹೊರಬರಬೇಕಾಯಿತು. ನೀರಿಗೆ ಗುರುತಿರುವುದು ಭೂಮಿಯ ಇಳಿಜಾರು ಮಾತ್ರ.

ಮೀಟರು ಲೀಟರುಗಳ ಅಳತೆಯು ಅಗತ್ಯವಾದುದೇ. ಆದರೆ ಕಟ್ಟಿದ ಗುಂಡಿಯು ಕೆಲವು ಮಳೆಗಾಲಗಳಲ್ಲಿ ಹೂಳಿನಿಂದ ಮುಚ್ಚಿದರೆ ಅಳತೆಯು ಕಾಗದದಲ್ಲಿ ಉಳಿದೀತು. ಹಳೆಯ ಬಿತ್ತುವಟ್ಟದ ತಿರುಳು ಭೂದಾನವಲ್ಲ. ನೀರಿನ ರಕ್ಷಣೆಗೆ ಹೆಸರುಳ್ಳ ಹೊಣೆಗಾರನೊಬ್ಬನಿರಬೇಕು, ಅವನ ಕೆಲಸಕ್ಕೆ ತಕ್ಕ ಫಲವೂ ಇರಬೇಕೆಂಬುದು. ಹೊಸ ಬಡಾವಣೆಗೆ ಅನುಮತಿ ಕೊಡುವಾಗ, ವರ್ಷವರ್ಷವೂ ಮುಂಗಾರಿಗೆ ಮೊದಲು ಗುಂಡಿ ಕಾಲುವೆಗಳ ಹೂಳನ್ನು ತೆಗೆಸುವವರು ಯಾರು, ಅವರಿಗೆ ವೇತನ ಕೊಡುವವರು ಯಾರೆಂಬುದನ್ನೂ ಅದೇ ಪತ್ರದಲ್ಲಿ ಬರೆಯಿಸುವುದು ಯುಕ್ತ. ನಮ್ಮ ಜಿಲ್ಲೆಯ ಪಟ್ಟಣಗಳೂ ಬೆಳೆಯುತ್ತಲಿವೆ. ಕೆರೆಗಳು ಕೆರೆಗಳಾಗಿ ಉಳಿದಿರುವಾಗಲೇ ಪುರಸಭೆಗಳೂ ಗೃಹಸ್ಥರೂ ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ವಿಜ್ಞಾಪನೆ.