ದಿಮ್ಮಿ ಎಳೆತದ ಚರಿತ್ರೆ: ಪಶ್ಚಿಮಘಟ್ಟದ ಮರಸಾಗಣೆಯ ಸಾಧನಗಳು ಮತ್ತು ಅರಣ್ಯದ ಅಂಚು

ಪಶ್ಚಿಮಘಟ್ಟದ ಅರಣ್ಯ ಚರಿತ್ರೆಯನ್ನು ಕುರಿತ ಬರೆಹಗಳಲ್ಲಿ ಕೊಡಲಿಗೂ ಕಾಯಿದೆಗೂ ದೊರೆತಿರುವ ಸ್ಥಾನ ಸರಪಳಿಗೆ ದೊರೆತಿಲ್ಲ. ಮರವನ್ನು ಕಡಿದು ಕೆಡವುವುದು ಕೆಲವು ಗಂಟೆಗಳ ಕೆಲಸ. ಬಿದ್ದ ಮರವನ್ನು ಇಳಿಜಾರು, ಹಳ್ಳ, ಬಂಡೆಗಳನ್ನು ದಾಟಿಸಿ ನದಿಯ ದಂಡೆಗೋ ಗಾಡಿಯ ದಾರಿಗೋ ತರುವುದು ಅದಕ್ಕಿಂತ ಬಹಳ ದೀರ್ಘವೂ ಅಪಾಯಕರವೂ ಆದ ಕೆಲಸ. ಯಾವ ಕಾಡು ಮೊದಲು ಬರಿದಾಯಿತು, ಯಾವುದು ಉಳಿಯಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ಎಳೆತದ ಸಾಮರ್ಥ್ಯವೇ. ಈ ಅಂಶವನ್ನು ಮಲಬಾರ್, ಕೆನರಾ ಮತ್ತು ಮೈಸೂರು ಪ್ರದೇಶಗಳ ನಿದರ್ಶನಗಳಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನದಿಯ ದಂಡೆ

ಹಸಿ ತೇಗದ ಒಂದು ಘನಮೀಟರ್ ದಿಮ್ಮಿಯ ತೂಕ ಸುಮಾರು ಒಂದು ಟನ್. ಹಸಿಯಾಗಿರುವಾಗ ಅದು ನೀರಿನಲ್ಲಿ ಸುಲಭವಾಗಿ ತೇಲುವುದೂ ಇಲ್ಲ. ಆದುದರಿಂದ ಬುಡದ ಸುತ್ತ ತೊಗಟೆಯನ್ನೂ ಅದರ ಒಳಗಿನ ಬಿಳಿಮರವನ್ನೂ ಉಂಗುರದಂತೆ ಕಡಿದು, ಮರವನ್ನು ನಿಂತಲ್ಲಿಯೇ ಒಣಗಿಸಿ, ಅನಂತರ ಕೆಡವುವ ಪದ್ಧತಿ ತೇಗದ ಕಾಡುಗಳಲ್ಲಿ ರೂಢಿಯಲ್ಲಿತ್ತು. ಮತ್ತಿ, ಬೀಟೆಗಳಂತಹ ಭಾರವಾದ ಮರಗಳನ್ನು ತೇಲಿಸಲು ಬಿದಿರಿನ ಕಟ್ಟುಗಳ ಆಸರೆ ಬೇಕಾಗುತ್ತಿತ್ತು. ಹೊಳೆಯವರೆಗೆ ಎಳೆತ, ಹೊಳೆಯಲ್ಲಿ ತೆಪ್ಪ, ಕಡಲ ತೀರದಲ್ಲಿ ಹಡಗು ಎಂಬ ಈ ಕ್ರಮದಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಮೊದಲನೆಯದೇ ಆಗಿತ್ತು.

ಹದಿನೆಂಟನೆಯ ಶತಮಾನದಿಂದ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ತೇಗದ ಹಡಗುಗಳನ್ನು ಕಟ್ಟುತ್ತಿದ್ದರು. 1817ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಉಳಿದಿದೆ. ಹಡಗಿಗೆ ಬೇಕಾದ ತೇಗವನ್ನು ಖಚಿತಪಡಿಸಿಕೊಳ್ಳುವ ಸಲುವಾಗಿ ಈಸ್ಟ್ ಇಂಡಿಯಾ ಕಂಪನಿಯು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿತು. ವ್ಯಾಪಾರಿಗಳ ಮತ್ತು ಭೂಮಾಲೀಕರ ವಿರೋಧದಿಂದಾಗಿ ಥಾಮಸ್ ಮನ್ರೋ ಮದರಾಸಿನ ಗವರ್ನರನಾಗಿದ್ದಾಗ, 1823ರಲ್ಲಿ, ಈ ಹುದ್ದೆ ರದ್ದಾಯಿತು.

ಅಷ್ಟರಲ್ಲಿ ಹೊಳೆಗಳಿಗೆ ಸಮೀಪವಿದ್ದ ತೇಗ ತೀರುತ್ತ ಬಂದಿತ್ತು. ಮಲಬಾರಿನ ಕಲೆಕ್ಟರ್ ಕಾನೊಲಿಯು 1840ರ ದಶಕದಲ್ಲಿ ನಿಲಂಬೂರಿನಲ್ಲಿ ಚಾತುಮೇನೋನ್ ಎಂಬ ಅಧಿಕಾರಿಯ ನೆರವಿನಿಂದ ತೇಗದ ನೆಡುತೋಪನ್ನು ಆರಂಭಿಸಿದನು. ಅದಕ್ಕೆ ಆಯ್ದುಕೊಂಡ ಸ್ಥಳ ಚಾಲಿಯಾರ್ ನದಿಯ ದಂಡೆ ಎಂಬುದು ಗಮನಾರ್ಹ. ದಂಡೆಯ ಮೆಕ್ಕಲುಮಣ್ಣು ತೇಗಕ್ಕೆ ಒಪ್ಪುತ್ತಿತ್ತು. ಬೆಳೆದ ಮರವನ್ನು ದೂರ ಎಳೆಯಬೇಕಾದ ಕಷ್ಟವೂ ತಪ್ಪುತ್ತಿತ್ತು. ಘಟ್ಟದ ಒಳಗೆ ತೇಗವಿರಲಿಲ್ಲವೆಂದಲ್ಲ, ಅದನ್ನು ತರುವ ದಾರಿಯಿರಲಿಲ್ಲ.

ಎಳೆಯುವವರು

ಉತ್ತರ ಕನ್ನಡದ ಕಾಡುಗಳಲ್ಲಿ ದಿಮ್ಮಿಗಳನ್ನು ಎಳೆದವುಗಳಲ್ಲಿ ಎತ್ತು ಮತ್ತು ಕೋಣಗಳು ಮುಖ್ಯವಾದವು. ಹಳಿಯಾಳ, ಯಲ್ಲಾಪುರಗಳ ಸುತ್ತಿನ ನಾಟಾ ಕಾಳಿ ನದಿಯನ್ನು ಸೇರಿ, ಅಲ್ಲಿಂದ ಸದಾಶಿವಗಡದ ಕಡೆಗೆ ಇಳಿಯುತ್ತಿತ್ತು. ದಾರಿ ಸವರುವುದು, ಸನ್ನೆಗೋಲಿನಿಂದ ದಿಮ್ಮಿಯನ್ನು ಹೊರಳಿಸುವುದು, ಇಳಿಜಾರಿನಲ್ಲಿ ಅದು ಜಾರಿ ಮುಂದಿನ ಪ್ರಾಣಿಯ ಮೇಲೆ ಬೀಳದಂತೆ ಹಿಂದಿನಿಂದ ತಡೆಹಿಡಿಯುವುದು ಜೊತೆಗಿದ್ದ ಕೂಲಿಗಳ ಪಾಲಿನ ಕೆಲಸವಾಗಿತ್ತು.

ದಕ್ಷಿಣದಲ್ಲಿ ಈ ಕೆಲಸ ಆನೆಗಳದಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದ ದಶಕವೊಂದರ ಬಳಿಕ, ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರ ಪ್ರದೇಶದಲ್ಲಿ ಖೆಡ್ಡಾ ವಿಧಾನದಿಂದ ಆನೆಗಳನ್ನು ಹಿಡಿಯುವಲ್ಲಿ ಯಶಸ್ವಿಯಾದನು. ಮುಂದೆ ಕಾಕನಕೋಟೆಯ ಖೆಡ್ಡಾ ಪ್ರಸಿದ್ಧವಾಯಿತು. ಖೆಡ್ಡಾವನ್ನು ರಾಜವೈಭವದ ಪ್ರದರ್ಶನವೆಂದು ವರ್ಣಿಸುವುದು ವಾಡಿಕೆಯಾದರೂ, ಅದು ಕೂಪುಗಳಿಗೆ ದುಡಿಮೆಯ ಬಲವನ್ನು ಒದಗಿಸುವ ವ್ಯವಸ್ಥೆಯೂ ಆಗಿತ್ತು. ಜೇನುಕುರುಬ ಸಮುದಾಯದ ಅನೇಕರು ಮಾವುತರಾಗಿ, ಕಾವಾಡಿಗಳಾಗಿ ದುಡಿದರು. ಹೆಣ್ಣಾನೆಗಳು ಹೆಚ್ಚಾಗಿ ಎಳೆತಕ್ಕೂ ದಂತವುಳ್ಳ ಗಂಡಾನೆಗಳು ದಿಮ್ಮಿಯನ್ನು ಎತ್ತಿ ಜೋಡಿಸುವುದಕ್ಕೂ ಬಳಕೆಯಾಗುತ್ತಿದ್ದವು. ಆನೆ ಬಿಸಿಲನ್ನು ಸಹಿಸದ ಪ್ರಾಣಿಯಾದುದರಿಂದ ಕೆಲಸ ಬೆಳಗಿನ ಹೊತ್ತಿಗೆ ಸೀಮಿತವಾಗಿತ್ತು. ಅದರ ಮೇವು, ನೀರು, ವಿಶ್ರಾಂತಿಗಳ ಅಗತ್ಯವೇ ಕಡಿತದ ವೇಗಕ್ಕೆ ಒಂದು ಕಡಿವಾಣವಾಗಿತ್ತೆನ್ನಬೇಕು.

ತೂತು, ಸರಪಳಿ, ಇಕ್ಕಳ

ದಿಮ್ಮಿಯನ್ನು ಪ್ರಾಣಿಗೆ ಜೋಡಿಸುವ ಬಗೆಯೂ ಚರಿತ್ರೆಯ ವಿಷಯವೇ. ಹಳೆಯ ಪದ್ಧತಿಯಲ್ಲಿ ದಿಮ್ಮಿಯ ತುದಿಯಲ್ಲಿ ತೂತು ಕೊರೆದು, ಅದರೊಳಗೆ ಹಗ್ಗವನ್ನೋ ಸರಪಳಿಯನ್ನೋ ತೂರಿಸಲಾಗುತ್ತಿತ್ತು. ಮಲಬಾರಿನ ಆನೆಗಳು ನಾರಿನ ದಪ್ಪ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಳೆಯುತ್ತಿದ್ದವು. ಎದೆಪಟ್ಟಿಗೆ ಸರಪಳಿಯನ್ನು ಬಿಗಿದು ಎಳೆಸುವುದು ಇನ್ನೊಂದು ಕ್ರಮ. ತೂತಿನ ಪದ್ಧತಿಯಲ್ಲಿ ಶ್ರಮ ಹೆಚ್ಚು. ತೂತು ಬಿದ್ದ ತುದಿಯನ್ನು ಕೊನೆಗೆ ಕತ್ತರಿಸಿ ಎಸೆಯಬೇಕಾದುದರಿಂದ ಬೆಲೆಬಾಳುವ ಮರ ವ್ಯರ್ಥವಾಗುತ್ತಿತ್ತು.

ಈ ತೊಡಕಿಗೆ ಪರಿಹಾರವಾಗಿ ಬಂದ ಸಾಧನ ಎಳೆಯುವ ಇಕ್ಕಳ. ಕತ್ತರಿಯಂತೆ ಒಂದರ ಮೇಲೊಂದು ಹಾಯ್ದು ನಡುವೆ ಕೀಲಿನಿಂದ ಕೂಡಿದ, ಬಾಗಿದ ಎರಡು ಕಬ್ಬಿಣದ ತೋಳುಗಳು ಅದರ ಮುಖ್ಯ ಭಾಗ. ತೋಳುಗಳ ಚೂಪಾದ ಮೊನೆಗಳು ದಿಮ್ಮಿಯ ಎರಡು ಪಕ್ಕಗಳನ್ನು ಕಚ್ಚುತ್ತವೆ. ಹಿಂಬದಿಯ ತುದಿಗಳು ಬಳೆಯ ಮೂಲಕ ಸರಪಳಿಗೆ ಸೇರಿರುತ್ತವೆ. ಎಳೆದಷ್ಟೂ ತೋಳುಗಳು ಒಳಕ್ಕೆ ಬಿಗಿಯುತ್ತವೆ. ಹೊರೆ ಭಾರವಾದಷ್ಟೂ ಹಿಡಿತ ಗಟ್ಟಿಯಾಗುತ್ತದೆ. ಎಳೆತ ನಿಂತೊಡನೆ ಹಿಡಿತ ಸಡಿಲವಾಗಿ ಇಕ್ಕಳವನ್ನು ಬಿಡಿಸಬಹುದು. ಎಳೆತವು ಸ್ವಲ್ಪ ಮೇಲ್ಮುಖವಾಗಿದ್ದರೆ ದಿಮ್ಮಿಯ ಮುಂತುದಿ ನೆಲವನ್ನು ಅಗೆಯದೆ ಜಾರುತ್ತದೆ. ಆಗ ಘರ್ಷಣೆ ಗಣನೀಯವಾಗಿ ತಗ್ಗುತ್ತದೆ. ಆದರೆ ಮೊನೆಗಳು ತೊಗಟೆಯನ್ನಷ್ಟೇ ಕಚ್ಚಿದ್ದರೆ ಇಕ್ಕಳ ಹಠಾತ್ತನೆ ಕಳಚಿಕೊಳ್ಳುವ ಭಯವಿತ್ತು.

ಉತ್ತರ ಅಮೆರಿಕದ ಕಾಡುಗಳಲ್ಲಿ ಕುದುರೆ ಮತ್ತು ಎತ್ತುಗಳೊಡನೆ ಈ ಸಾಧನ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವ್ಯಾಪಕವಾಗಿತ್ತು. ಅಲ್ಲಿ 1880ರ ದಶಕದಲ್ಲಿ ಡೋಲ್‌ಬಿಯರ್ ಎಂಬವನು ರೂಪಿಸಿದ ಉಗಿಯಂತ್ರವು ಪ್ರಾಣಿಯ ಸ್ಥಾನವನ್ನು ಆಕ್ರಮಿಸತೊಡಗಿತು. ಭಾರತದಲ್ಲಿ ಕೂಪಿನ ಕೈಸಲಕರಣೆಗಳ ಸುಧಾರಣೆಗೆ ವ್ಯವಸ್ಥಿತ ತರಬೇತಿ ದೊರೆತದ್ದು ಬಹಳ ತಡವಾಗಿ, 1960ರ ದಶಕದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ. ಅಗ್ಗದ ಕೂಲಿ ದೊರೆಯುವಲ್ಲಿ ಉತ್ತಮ ಉಪಕರಣಕ್ಕೆ ಬೇಡಿಕೆ ಹುಟ್ಟುವುದು ನಿಧಾನ ಎಂಬುದಕ್ಕೆ ಇದೊಂದು ನಿದರ್ಶನ.

ಹಳಿ ಮತ್ತು ಲಾರಿ

ರೈಲುಮಾರ್ಗವು ಮರದ ಬೇಡಿಕೆಯನ್ನು ಹೆಚ್ಚಿಸಿದುದು ಸರ್ವವಿದಿತ. ಅದು ಎಳೆತದ ದೂರವನ್ನು ಕುಗ್ಗಿಸಿದುದು ಅಷ್ಟೇ ಮಹತ್ತ್ವದ್ದು. 1880ರ ದಶಕದ ಕೊನೆಯ ಹೊತ್ತಿಗೆ ಲೋಂಡಾ ಪ್ರದೇಶಕ್ಕೆ ಹಳಿ ಬಂದಾಗ, ಕಾಳಿ ನದಿಯನ್ನು ನೆಚ್ಚಿದ್ದ ಮರದ ಹರಿವು ಬಯಲುಸೀಮೆಯ ಕಡೆಗೆ ತಿರುಗಿತು. ಮುಂದೆ ಅಳ್ನಾವರದಿಂದ ದಾಂಡೇಲಿಗೆ ಕವಲುಮಾರ್ಗವೂ ಬಂದಿತು. ಮೈಸೂರಿನಲ್ಲಿ ತರೀಕೆರೆ ಮತ್ತು ನರಸಿಂಹರಾಜಪುರಗಳ ನಡುವೆ ಕಿರುಹಳಿ ಏರ್ಪಟ್ಟಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಇದ್ದಿಲನ್ನು ಅವಲಂಬಿಸಿದ್ದುದರಿಂದ ಸುತ್ತಣ ಕಾಡು ಅದರ ಕುಲುಮೆಗೆ ಇಂಧನವಾಯಿತು.

ಸ್ವಾತಂತ್ರ್ಯಾನಂತರ ಲಾರಿಯ ರಸ್ತೆಗಳು ಘಟ್ಟದ ಒಳಭಾಗವನ್ನು ತಲಪಿದವು. ನದಿ ಮತ್ತು ಕಡಿದಾದ ಇಳಿಜಾರುಗಳು ಒಡ್ಡಿದ್ದ ತಡೆ ಸಡಿಲವಾಯಿತು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಂತಹ ಉದ್ಯಮಗಳು ಈ ಹೊಸ ಸೌಕರ್ಯದ ಆಧಾರದ ಮೇಲೆ ಬೆಳೆದವು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಗುರುತು ಮಾಡಿದ ಮರಗಳಿಗಿಂತ ಹೆಚ್ಚಿನ ಮರಗಳು ನಾಶವಾಗುತ್ತಿವೆ ಎಂಬುದು ಅಪ್ಪಿಕೋ ಚಳವಳಿಯ ಆಕ್ಷೇಪಗಳಲ್ಲೊಂದು. ಒಂದು ಮರವನ್ನು ಕೆಡವಿ ಹೊರಗೆಳೆಯುವಾಗ ಎಳೆಯ ಸಸಿಗಳು ಮುರಿಯುತ್ತವೆ, ಎಳೆತದ ಜಾಡಿನಲ್ಲಿ ಮಣ್ಣು ಕೊಚ್ಚಿಹೋಗುತ್ತದೆ. ಈ ನಷ್ಟ ಇಲಾಖೆಯ ಮರಗಳ ಲೆಕ್ಕದಲ್ಲಿ ಸೇರುವುದಿಲ್ಲ. ಎಳೆತದ ಪ್ರಶ್ನೆಯನ್ನು ಮೊದಲ ಬಾರಿಗೆ ಸಾರ್ವಜನಿಕ ಚರ್ಚೆಯ ಮುನ್ನೆಲೆಗೆ ತಂದವರು ಈ ಗ್ರಾಮಸ್ಥರೆಂದರೆ ತಪ್ಪಾಗಲಾರದು.

ಉಪಸಂಹಾರ

1971ರ ಕೊನೆಯ ಖೆಡ್ಡಾ, 1980ರ ಅರಣ್ಯ ಸಂರಕ್ಷಣಾ ಕಾಯಿದೆ, 1996ರ ಡಿಸೆಂಬರಿನ ಸರ್ವೋಚ್ಚ ನ್ಯಾಯಾಲಯದ ಆದೇಶ ಇವು ಒಂದು ಯುಗದ ಮುಕ್ತಾಯವನ್ನು ಸೂಚಿಸುತ್ತವೆ. ಕೂಪಿನ ಕೆಲಸಕ್ಕೆಂದು ಪಳಗಿದ ಆನೆಗಳ ಪರಂಪರೆ ದುಬಾರೆ, ಸಕ್ರೆಬೈಲುಗಳಂತಹ ಶಿಬಿರಗಳಲ್ಲಿ ಬೇರೆ ಉದ್ದೇಶಗಳಿಗಾಗಿ ಮುಂದುವರಿದಿದೆ.

ಎರಡು ಶತಮಾನಗಳ ಈ ಬೆಳವಣಿಗೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎಳೆತ ಕಷ್ಟವಾಗಿದ್ದಷ್ಟು ಕಾಲ, ಯಾವ ಕಾಯಿದೆಯ ನೆರವೂ ಇಲ್ಲದೆ, ಘಟ್ಟದ ಒಳಗಾಡು ತನ್ನಷ್ಟಕ್ಕೆ ಉಳಿದಿತ್ತು. ಎಳೆತ ಸುಲಭವಾದ ಮೇಲೆ ಅದನ್ನು ಉಳಿಸುವ ಹೊಣೆ ಮನುಷ್ಯನ ತೀರ್ಮಾನದ ಮೇಲೆ ಬಿದ್ದಿತು. ಆ ತೀರ್ಮಾನಗಳನ್ನು ಕೈಗೊಂಡ ಅಧಿಕಾರಿಗಳ ಹೆಸರುಗಳು ದಾಖಲೆಗಳಲ್ಲಿ ಉಳಿದಿವೆ. ಇಳಿಜಾರಿನಲ್ಲಿ ಸನ್ನೆಗೋಲು ಹಿಡಿದು ನಿಂತವರ, ಆನೆಯ ಕಾಲಬುಡದಲ್ಲಿ ಸರಪಳಿ ಬಿಗಿದವರ ಹೆಸರುಗಳು ಹೆಚ್ಚಾಗಿ ಉಳಿದಿಲ್ಲ. ಅವರ ಕೆಲಸದ ತಿಳಿವಳಿಕೆಯನ್ನು ಹಳೆಯ ತಲೆಮಾರಿನ ಮಾವುತರಿಂದಲೂ ಕೂಪಿನ ಕೆಲಸಗಾರರಿಂದಲೂ ಸಂಗ್ರಹಿಸದೆ ಕರ್ನಾಟಕದ ಅರಣ್ಯ ಚರಿತ್ರೆ ಪೂರ್ಣವಾಗಲಾರದು.