ಬಾಣಂತಿಯ ಅರ್ಧ ಗಂಟೆ

ವ್ಯಾಯಾಮವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗರಡಿಮನೆಯ ಕೆಮ್ಮಣ್ಣು, ದಂಡ, ಬಸ್ಕಿ, ಬೆವರಿಳಿಯುವ ತೋಳು. ಬಾಣಂತಿಯೆಂದೊಡನೆ ನಿಲ್ಲುವುದು ಅರೆಗತ್ತಲೆಯ ಕೋಣೆ, ಸಾಂಬ್ರಾಣಿಯ ಹೊಗೆ, ಕಿವಿಗೆ ಹತ್ತಿ, ತಲೆಗೆ ಸುತ್ತಿದ ಬಟ್ಟೆ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ ನುಡಿದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ, ವಾಚಕರೆ, ಹಸಿ ಮೈಯ ತಾಯಿ ಎಷ್ಟು ಮಲಗಬೇಕು, ಎಂದು ಏಳಬೇಕು, ಎಷ್ಟು ನಡೆಯಬೇಕು ಎಂಬ ಪ್ರಶ್ನೆ ಇಂದಿನದಲ್ಲ. ಅದಕ್ಕೊಂದು ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿಯದೆ ನಾನು ನನ್ನ ಮನೆಯಲ್ಲಿಯೇ ಒಂದು ತಪ್ಪು ಮಾಡಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಶಬ್ದವನ್ನು ನೋಡೋಣ. ಪಂಡಿತನಿಗೆ ಅದು ಬಿಡದ ಅಭ್ಯಾಸ. ‘ವ್ಯಾಯಾಮ’ ಎಂಬ ಸಂಸ್ಕೃತ ಪದದ ಮೂಲಾರ್ಥ ಚಾಚುವುದು, ನೀಳಮಾಡುವುದು ಎಂದು. ಭಾರ ಎತ್ತುವುದಾಗಲಿ ಬೆವರು ಸುರಿಸುವುದಾಗಲಿ ಅದರಲ್ಲಿ ಮೊದಲಿನಿಂದ ಅಡಗಿಲ್ಲ. ಸುಶ್ರುತಸಂಹಿತೆ ವ್ಯಾಯಾಮವನ್ನು ಹೊಗಳುವಾಗಲೂ ಒಂದು ಕಟ್ಟು ಹಾಕುತ್ತದೆ: ಮನುಷ್ಯನು ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದು, ಮೀರಿದರೆ ಕೇಡು. ಇದು ಬಾಣಂತಿಯನ್ನೇ ಕುರಿತು ಹೇಳಿದ ಮಾತಲ್ಲ, ಎಲ್ಲರಿಗೂ ಹೇಳಿದ್ದು. ಆದರೂ ಆ ‘ಅರ್ಧಬಲ’ ಎಂಬ ಅಳತೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ನಮಗೆ ಬೇಕಾಗುತ್ತದೆ.

ಹೆತ್ತವಳನ್ನು ನಮ್ಮ ವೈದ್ಯಗ್ರಂಥಗಳು ‘ಸೂತಿಕೆ’ ಎಂದು ಕರೆಯುತ್ತವೆ. ಚರಕಸಂಹಿತೆಯು ಅವಳಿಗೆ ಸ್ನೇಹಪಾನ, ಎಣ್ಣೆ, ಬಿಸಿನೀರು, ಗಂಜಿ ಇವನ್ನು ವಿಧಿಸಿ, ಹೊಟ್ಟೆಗೆ ದೊಡ್ಡ ಬಟ್ಟೆಯನ್ನು ಸುತ್ತಬೇಕೆನ್ನುತ್ತದೆ. ಸುಶ್ರುತನು ಈ ಉಪಚಾರಕ್ಕೆ ಒಂದೂವರೆ ತಿಂಗಳ ಗಡುವು ಕೊಟ್ಟಿದ್ದಾನೆ. ನಮ್ಮ ಅಜ್ಜಿಯಂದಿರು ಸಂಹಿತೆಗಳನ್ನು ಓದಿದವರಲ್ಲ. ಆದರೂ ಅವರ ಕೈಯಲ್ಲಿ ಬಾಣಂತನ ಹೆಚ್ಚುಕಡಿಮೆ ಹೀಗೆಯೇ ನಡೆಯಿತು. ತವರಿನ ಬಚ್ಚಲಲ್ಲಿ ಹಂಡೆಗಟ್ಟಲೆ ಬಿಸಿನೀರು, ಸೊಂಟಕ್ಕೆ ಎಣ್ಣೆ, ಹೊಟ್ಟೆಗೆ ಹಳೆಯ ಸೀರೆಯ ಕಟ್ಟು, ಊಟಕ್ಕೆ ಮೆಣಸಿನ ಸಾರು. ಮೈ ನೀವುವ ಮುದುಕಿಯ ಕೈಗಳು ಬಾಣಂತಿಯ ಕೈಕಾಲುಗಳನ್ನು ಎಳೆದು, ಮಡಿಸಿ, ಚಾಚಿಸುತ್ತಿದ್ದವು. ಚಾಚುವುದೇ ವ್ಯಾಯಾಮವಾದರೆ ಅದೂ ಒಂದು ಬಗೆಯ ವ್ಯಾಯಾಮವೇ ಅಲ್ಲವೆ?

ಆದರೆ ಇದು ಉಳ್ಳವರ ಮನೆಯ ಚಿತ್ರ. ಕೂಲಿಯ ಹೆಂಗಸಿಗೆ ಒಂದೂವರೆ ತಿಂಗಳನ್ನು ಕೊಟ್ಟವರಾರು? ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸನ್ನು ಅದರಲ್ಲಿ ಹಾಕಿ, ಅವಳು ಕಳೆ ಕೀಳಲು ಬಾಗಿದಳು. ಒಬ್ಬಳಿಗೆ ಅಲುಗಾಡಲು ಅಪ್ಪಣೆಯಿಲ್ಲ, ಇನ್ನೊಬ್ಬಳಿಗೆ ಕೂರಲು ಬಿಡುವಿಲ್ಲ. ಇವೆರಡರ ನಡುವಿನ ಹದವನ್ನು ಹುಡುಕಿದ್ದೇ ನಾನು ಹೇಳಹೊರಟ ಚರಿತ್ರೆ.

ಈಗ ಕಡಲಾಚೆಗೆ ಹೋಗೋಣ. ಈ ಹುಡುಕಾಟದ ಲಿಖಿತ ದಾಖಲೆ ಅಲ್ಲಿ ಹೆಚ್ಚಾಗಿ ಸಿಕ್ಕುತ್ತದೆ. ಬಾಣಂತಿಯನ್ನು ಕೋಣೆಯಲ್ಲಿ ಮುಚ್ಚಿಡುವುದು ನಮ್ಮದೊಂದೇ ಪದ್ಧತಿಯೆಂದು ಭಾವಿಸಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವೈದ್ಯ ಚಾರ್ಲ್ಸ್ ವೈಟ್ 1773ರಲ್ಲಿ ಬಸುರಿ ಬಾಣಂತಿಯರ ಆರೈಕೆಯ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಯ ಬಾಣಂತಿ ಕೋಣೆಯಲ್ಲೂ ಬೆಂಕಿ, ಹಾಸಿಗೆಯ ಸುತ್ತ ಪರದೆ, ಗಾಳಿ ಬಾರದಂತೆ ಬೀಗದ ಕೈಯ ತೂತನ್ನು ಸಹ ಮುಚ್ಚುವ ಎಚ್ಚರ! ವೈಟ್ ಇದನ್ನೆಲ್ಲ ಖಂಡಿಸಿದನು. ಕಿಟಕಿ ತೆರೆಯಿರಿ, ಕೋಣೆಯನ್ನು ಶುಚಿಯಾಗಿಡಿ, ಹೆತ್ತವಳನ್ನು ಬೇಗನೆ ಎಬ್ಬಿಸಿ ಕೂರಿಸಿ ಎಂದು ಬೋಧಿಸಿದನು. ಬಾಣಂತಿ ಜ್ವರವು ತಾಯಂದಿರನ್ನು ಕೊಂಡೊಯ್ಯುತ್ತಿದ್ದ ಕಾಲವದು. ಅವನ ಕಾಳಜಿಗೆ ಕಾರಣವೂ ಅದೇ.

ಆತನ ಮಾತು ಬೇಗ ಹಬ್ಬಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೂ ಹೆತ್ತವಳು ಹತ್ತು ದಿನ, ಎರಡು ವಾರ ಹಾಸಿಗೆ ಬಿಟ್ಟೇಳಬಾರದೆಂಬುದೇ ಸಾಮಾನ್ಯ ನಿಯಮ. ಹೀಗೆ ಮಲಗಿದವರಲ್ಲಿ ಕೆಲವರಿಗೆ ಕಾಲು ಊದಿಕೊಂಡು ಬಿಳುಪೇರುತ್ತಿತ್ತು. ಎದೆಯ ಹಾಲೇ ಕಾಲಿಗೆ ಇಳಿಯಿತೆಂದು ಹಿಂದಿನವರು ನಂಬಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ‘ಹಾಲುಗಾಲು’ ಎಂಬರ್ಥದ ಹೆಸರೇ ಇತ್ತು. ಅದು ಹಾಲಲ್ಲ, ಒಳಗಿನ ರಕ್ತನಾಳದಲ್ಲಿ ಗಟ್ಟಿಯಾದ ನೆತ್ತರು ಎಂಬುದು ಈಗ ತಿಳಿದಿದೆ. ಆ ಹೆಪ್ಪು ಕಳಚಿ ಪುಪ್ಪುಸಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಅಲುಗಾಡದೆ ಮಲಗುವುದು ಅದಕ್ಕೆ ಒಂದು ಮುಖ್ಯ ಕಾರಣ. ರಕ್ಷಣೆಯೆಂದು ವಿಧಿಸಿದ ಹಾಸಿಗೆಯೇ ಕೆಲವರಿಗೆ ಅಪಾಯವಾಯಿತು.

ಈ ಕಥೆಯಲ್ಲಿ ಮುಂದೆ ಬರುವವಳು ಒಬ್ಬ ದಾದಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಮಿನ್ನಿ ರ‍್ಯಾಂಡೆಲ್ ಸೂಲಗಿತ್ತಿಯ ವಿದ್ಯೆಯನ್ನೂ ಅಂಗಮರ್ದನದ ವಿದ್ಯೆಯನ್ನೂ ಬಲ್ಲವಳು. ಅಲ್ಲಿಯ ಪ್ರಸೂತಿ ವೈದ್ಯ ಫೇರ್‌ಬರ್ನ್ 1912ರಲ್ಲಿ ಅವಳನ್ನು ಕರೆದು, ಬಾಣಂತಿಯರು ಹಾಸಿಗೆಯಲ್ಲೇ ಮಾಡಬಹುದಾದ ವ್ಯಾಯಾಮವನ್ನು ರೂಪಿಸುವಂತೆ ಕೇಳಿಕೊಂಡನು. ಅವಳು ಆ ಕೆಲಸವನ್ನು ದಶಕಗಳ ಕಾಲ ಬಿಡದೆ ನಡೆಸಿದಳು. ನೃತ್ಯಗಾರ್ತಿ ಮಾರ್ಗರೆಟ್ ಮಾರಿಸ್ ಅವಳೊಡನೆ ಕೂಡಿದಳು. ಇಬ್ಬರೂ ಸೇರಿ ಬರೆದ ಪುಸ್ತಕ 1936ರಲ್ಲಿ ಹೊರಬಂತು. ನೃತ್ಯಗಾರ್ತಿಗೂ ಬಾಣಂತಿಗೂ ಏನು ನಂಟು ಎನ್ನುವಿರಾ? ಉಸಿರಿನ ಲಯಕ್ಕೆ ಮೈಯನ್ನು ಹೊಂದಿಸುವ ಕಲೆ ಇಬ್ಬರಿಗೂ ಬೇಕು. ಗರಡಿಯ ಸಾಮು ಇಲ್ಲಿ ಸಲ್ಲದು.

ಆಮೇಲೆ ಎರಡನೆಯ ಮಹಾಯುದ್ಧ ಬಂತು. ಆಸ್ಪತ್ರೆಗಳಲ್ಲಿ ಮಂಚಕ್ಕೆ ಅಭಾವ, ದಾದಿಯರಿಗೂ ಅಭಾವ. ತಾಯಂದಿರನ್ನು ಬೇಗ ಎಬ್ಬಿಸಿ ಬೇಗ ಮನೆಗೆ ಕಳುಹಿಸಬೇಕಾಯಿತು. ಅವರಿಗೆ ಏನಾದೀತೋ ಎಂದು ಹೆದರಿದ್ದ ವೈದ್ಯರು ಕಂಡದ್ದು ಬೇರೆ: ಬೇಗ ಎದ್ದವರು ಬೇಗ ಚೇತರಿಸಿಕೊಂಡರು. ಅಮೆರಿಕದ ಪ್ರಸೂತಿತಜ್ಞ ಈಸ್ಟ್‌ಮನ್ 1944ರಲ್ಲಿ ಬಾಣಂತಿಯರ ವಿಷಯದಲ್ಲಿ ವಿಶ್ರಾಂತಿಯ ದುರುಪಯೋಗವಾಗುತ್ತಿದೆಯೆಂದು ಲೇಖನ ಬರೆದನು. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ಲೇಖನಕ್ಕೆ ವಸ್ತು ಮಾಡಿಕೊಂಡನು. ಮರು ವರ್ಷ, 1948ರಲ್ಲಿ, ಅಮೆರಿಕದ ಆರ್ನಾಲ್ಡ್ ಕೆಗೆಲ್ ಹೆಂಗಸರು ನಾಚಿಕೆಯಿಂದ ಯಾರಿಗೂ ಹೇಳದ ಒಂದು ಬಾಧೆಗೆ ಮದ್ದು ಹೇಳಿದನು. ಹೆರಿಗೆಯ ನಂತರ ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುವುದುಂಟು. ಮೂತ್ರವನ್ನು ತಡೆಹಿಡಿಯುವಾಗ ನಾವು ಬಿಗಿಯುವ ಒಳಸ್ನಾಯುಗಳು ಹೆರಿಗೆಯಲ್ಲಿ ಸಡಿಲವಾಗುವುದೇ ಇದಕ್ಕೆ ಕಾರಣ. ಅವನ್ನು ದಿನದಿನವೂ ಬಿಗಿದು ಸಡಿಲಿಸುವ ಅಭ್ಯಾಸದಿಂದ ಬಲಪಡಿಸಬಹುದೆಂದು ಅವನು ತೋರಿಸಿದನು. ಕುಳಿತು ಹಾಲೂಡುವಾಗಲೂ ಮಾಡಬಹುದಾದ ಈ ವ್ಯಾಯಾಮ ಪಕ್ಕದಲ್ಲಿದ್ದವರಿಗೂ ತಿಳಿಯದು.

ಆದರೂ ಭಯ ಪೂರ್ತಿ ಹೋಗಲಿಲ್ಲ. 1985ರಲ್ಲಿ ಅಮೆರಿಕದ ಪ್ರಸೂತಿತಜ್ಞರ ಸಂಸ್ಥೆಯು ವ್ಯಾಯಾಮ ಮಾಡುವ ಬಸುರಿಯ ನಾಡಿಬಡಿತ ನಿಮಿಷಕ್ಕೆ 140ನ್ನು ಮೀರಬಾರದು, ಬಿರುಸಿನ ಶ್ರಮ 15 ನಿಮಿಷಕ್ಕಿಂತ ಹೆಚ್ಚಬಾರದು ಎಂದು ಸೂಚಿಸಿತು. 1994ರಲ್ಲಿ ತಾನೇ ಆ ಮಿತಿಯನ್ನು ಕೈಬಿಟ್ಟಿತು. ಹಾಲು ಬತ್ತೀತು ಎಂಬುದು ಇನ್ನೊಂದು ಭಯ. ಕ್ಯಾಲಿಫೋರ್ನಿಯದಲ್ಲಿ ನಡೆದು ಅದೇ 1994ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 33 ಮಂದಿ ಹಾಲೂಡುವ ತಾಯಂದಿರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರು ಹೆರಿಗೆಯಾದ ಆರರಿಂದ ಎಂಟು ವಾರಗಳ ಬಳಿಕ ಆರಂಭಿಸಿ, ಹನ್ನೆರಡು ವಾರ ಕಾಲ, ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷ ವ್ಯಾಯಾಮ ಮಾಡುವಂತೆ ಏರ್ಪಾಡಾಯಿತು. ಅದರಿಂದ ಹಾಲಿನ ಪ್ರಮಾಣವೂ ಕುಂದಲಿಲ್ಲ, ಗುಣವೂ ಕೆಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, ವೈದ್ಯರ ಅಡ್ಡಿಯಿಲ್ಲದ ಬಾಣಂತಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ತೆರನ ಅಂಗಚಾಲನೆ ಮಾಡಬೇಕೆಂದಿತು. ಕೂಡಲೇ ಅಷ್ಟನ್ನೂ ಮಾಡಬೇಕೆಂದಲ್ಲ. ಸ್ವಲ್ಪದಿಂದ ತೊಡಗಿ ಮೆಲ್ಲಗೆ ಏರಬೇಕು. ಸಹಜ ಹೆರಿಗೆಯಾದವರನ್ನು ಕೆಲವೇ ಗಂಟೆಗಳಲ್ಲಿ, ಶಸ್ತ್ರಕ್ರಿಯೆಯಾದವರನ್ನು ಸಾಮಾನ್ಯವಾಗಿ ಒಂದು ದಿನದೊಳಗೆ, ಆಸರೆ ಕೊಟ್ಟು ನಡೆಸುವುದು ಈಗಿನ ರೂಢಿ.

ಇಷ್ಟಾದ ಮೇಲೆ ನಮ್ಮ ಹಿರಿಯರದೆಲ್ಲ ಹುಸಿಯೆ? ಹಾಗಲ್ಲ. ಬಿಸಿ ಊಟ, ಎಣ್ಣೆನೀರು, ಆರೈಕೆಯ ಕೈ, ಹಗಲು ನಿದ್ದೆ ಇವೆಲ್ಲ ಅವರು ಕೊಟ್ಟ ದೊಡ್ಡ ವರ. ಗಾಳಿಯಾಡದ ಕೋಣೆಯನ್ನೂ ಅಲುಗಾಡಬಾರದೆಂಬ ಕಟ್ಟಳೆಯನ್ನೂ ಬಿಟ್ಟು ಮಿಕ್ಕದ್ದನ್ನು ಉಳಿಸಿಕೊಳ್ಳಬಹುದು. ಸುಶ್ರುತನ ಅರ್ಧಬಲ ಇಲ್ಲಿ ಒಳ್ಳೆಯ ಅಳತೆಗೋಲು. ಎದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ, ಬಳಿಕ ಅಂಗಳದಲ್ಲಿ ಹತ್ತು ನಿಮಿಷ, ಬಳಿಕ ಬೀದಿಯ ಕೊನೆಯವರೆಗೆ. ನಾಳೆಗೆ ಆಯಾಸ ಉಳಿಯದಷ್ಟು ಮಾಡಿದರೆ ಸರಿ. ಶಸ್ತ್ರಕ್ರಿಯೆಯಾದವರು ವೈದ್ಯರ ಮಾತನ್ನು ಕೇಳಿಯೇ ಮುಂದುವರಿಯಬೇಕು. ರಕ್ತಸ್ರಾವ ಹೆಚ್ಚಿದರೆ, ಒಂದು ಕಾಲು ಊದಿ ನೋವಾದರೆ, ಎದೆನೋವು, ಉಬ್ಬಸ, ತಲೆಸುತ್ತು ಕಂಡರೆ ತಡಮಾಡದೆ ಅವರನ್ನು ಕಾಣಬೇಕು.

‘ಮನೆಗೆಲಸವೇ ವ್ಯಾಯಾಮವಾಯಿತಲ್ಲ’ ಎನ್ನುವವರುಂಟು. ಮನೆಗೆಲಸದಲ್ಲಿ ಮೈ ಆಡುವುದು ನಿಜ. ಆದರೆ ಬಗ್ಗಿ ಗುಡಿಸುವುದು, ಕೊಡ ಎತ್ತುವುದು, ಕೂಸನ್ನು ಸದಾ ಒಂದೇ ಸೊಂಟದ ಮೇಲೆ ಹೊರುವುದು ಇವು ಸಡಿಲಗೊಂಡ ಹೊಟ್ಟೆಗೂ ನೊಂದ ಬೆನ್ನಿಗೂ ಮತ್ತಷ್ಟು ಹೊರೆಯೇ ಹೊರತು ಅವನ್ನು ಸರಿಪಡಿಸುವ ಕ್ರಮವಲ್ಲ. ಕೆಲಸ ಮನೆಗಾಗಿ, ವ್ಯಾಯಾಮ ಅವಳಿಗಾಗಿ.

ಇದನ್ನು ಬರೆಯುವಾಗ ನನಗೆ ಸಂಕೋಚವಾಗುತ್ತದೆ. ನಮ್ಮ ಮೊದಲ ಮಗಳು ಹುಟ್ಟಿದಾಗ ನನ್ನಾಕೆ ತವರಿನಲ್ಲಿ ಮೂರು ತಿಂಗಳು ಬಾಣಂತನ ಮುಗಿಸಿಕೊಂಡು ಬಂದಳು. ಬೆನ್ನುನೋವು ಅವಳ ಜೊತೆಯಲ್ಲೇ ಬಂದಿತ್ತು. ಒಂದು ದಿನ, “ಬೆಳಿಗ್ಗೆ ಅರ್ಧ ಗಂಟೆ ಮಗೂನ ನೋಡ್ಕೋತೀರಾ? ಒಂದಿಷ್ಟು ನಡೆದು ಬರ್ತೀನಿ” ಎಂದಳು. ನಾನು ಪಾಠದ ಟಿಪ್ಪಣಿಯಿಂದ ತಲೆಯೆತ್ತದೆ, “ಮನೇಲಿ ಓಡಾಡೋದು ಸಾಲದೆ? ನಮ್ಮಮ್ಮ ಯಾವ ವ್ಯಾಯಾಮ ಮಾಡಿದ್ರು?” ಎಂದುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಬೆನ್ನುನೋವು ಮಾತ್ರ ಇಂದಿಗೂ ಅವಳನ್ನು ಬಿಟ್ಟಿಲ್ಲ. ಅದಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಕಾರಣವಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಕಳೆದ ವರ್ಷ ಅದೇ ಮಗಳು ನಮ್ಮ ಮನೆಗೆ ಬಾಣಂತನಕ್ಕೆ ಬಂದಳು. ಎರಡು ತಿಂಗಳು ತುಂಬಿ ವೈದ್ಯರು ಒಪ್ಪಿದ ಮೇಲೆ ತಾಯಿ ಕೇಳಿದ ಮಾತನ್ನೇ ಅವಳೂ ಕೇಳಿದಳು: “ಅಪ್ಪ, ಅರ್ಧ ಗಂಟೆ ಇವನನ್ನ ಎತ್ಕೋತೀರಾ?” ಈ ಸಲ ನಾನು ಪುಸ್ತಕ ಮುಚ್ಚಿಟ್ಟೆ. ಬೆಳಗಿನ ಭಕ್ತಿಗೀತೆ ಮುಗಿದು ವಾರ್ತೆ ಬರುವ ಹೊತ್ತಿಗೆ ಮೊಮ್ಮಗ ನನ್ನ ಹೆಗಲ ಮೇಲೆ, ರೇಡಿಯೋದ ಪಕ್ಕದಲ್ಲಿ. ಮಗಳೊಡನೆ ನನ್ನಾಕೆಯೂ ಚಪ್ಪಲಿ ಮೆಟ್ಟಿ ಹೊರಟಳು. ಹಿಂದಿನ ಮಾತನ್ನು ಅವಳು ಎತ್ತಲಿಲ್ಲ. “ಹಾಲು ಉಕ್ಕೀತು, ನೋಡ್ಕೊಳ್ಳಿ” ಎಂದಷ್ಟೇ ಹೇಳಿ ಹೋದಳು.

1961ರ ಹೆರಿಗೆ ಸೌಲಭ್ಯದ ಕಾಯಿದೆ ದುಡಿಯುವ ತಾಯಿಗೆ 12 ವಾರಗಳ ರಜೆ ಕೊಟ್ಟಿತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಅದು ಕಚೇರಿಯ ರಜೆ. ಮನೆಯೊಳಗಿನ ಅರ್ಧ ಗಂಟೆಯನ್ನು ಯಾವ ಕಾಯಿದೆಯೂ ಕೊಡಲಾರದು. ವೈದ್ಯರು ಏಳು ಎನ್ನಬಹುದು, ನಡೆ ಎನ್ನಬಹುದು. ಆ ಹೊತ್ತಿಗೆ ಮಗುವನ್ನು ಎತ್ತಿಕೊಳ್ಳುವ ಕೈ ಮನೆಯವರದೇ ಆಗಬೇಕು. ನಿಮ್ಮ ಮನೆಯಲ್ಲಿ ಈಗ ಬಾಣಂತಿಯಿದ್ದರೆ ಅವಳು ಕೇಳುವವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ರೇಡಿಯೋ ಹಾಕಿ, ಮಗುವಿಗೆ ಕೈ ಚಾಚಿರಿ.