ಹೆಗಲ ಮೇಲಿನ ಕೋವಿ, ಕಿಸೆಯೊಳಗಿನ ಕಾಗದ

ನೆಲಮಂಗಲದ ಕಡೆಯ ರೈತನೊಬ್ಬನ ಬಳಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ ಇದೆ ಎನ್ನೋಣ. ಅದರ ಕುದುರೆ ಕೆಟ್ಟಿದೆ. ರಿಪೇರಿಗೆ ಕೊಡಲು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಆತ ಬಸ್ಸು ಹತ್ತುತ್ತಾನೆ. ತುಮಕೂರು ರಸ್ತೆಯ ನಾಕಾಬಂದಿಯಲ್ಲಿ ಪೊಲೀಸರು ತಡೆಯುತ್ತಾರೆ. ಪರವಾನಗಿ ಪುಸ್ತಕ ಮನೆಯಲ್ಲಿಯೇ ಉಳಿದಿದೆ. ಈ ಮನುಷ್ಯ ಅಪರಾಧಿಯೇ? ಅವನನ್ನು ಠಾಣೆಗೆ ಕರೆದೊಯ್ದು ಕೂರಿಸಬಹುದೇ? ಪುಸ್ತಕ ಜೇಬಿನಲ್ಲಿಯೇ ಇದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತೇ? ಸಣ್ಣದಾಗಿ ಕಾಣುವ ಈ ಪ್ರಶ್ನೆಗಳ ಹಿಂದೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಒಂದು ಕಾಲದಲ್ಲಿ ಈ ಸೀಮೆಯಲ್ಲಿ ಆಯುಧ ಹಿಡಿದವನನ್ನು ಯಾರೂ ವಿಚಿತ್ರವಾಗಿ ನೋಡುತ್ತಿರಲಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆಗಳು ಪಾಳೆಯಗಾರರ ಊರುಗಳು. ಪಾಳೆಯಗಾರನ ಬಲವೆಂದರೆ ಕರೆದಾಗ ಆಯುಧದೊಡನೆ ಬರುವ ರೈತಾಪಿ ಜನರ ಬಲ. 1749ರಲ್ಲಿ ಮೈಸೂರು ಸೇನೆ ದೇವನಹಳ್ಳಿ ಕೋಟೆಯನ್ನು ಮುತ್ತಿದಾಗ ಹೈದರಾಲಿ ಮೊದಲ ಬಾರಿಗೆ ಹೆಸರು ಮಾಡಿದ. ಮೈಸೂರು ರಾಜ್ಯದಲ್ಲಿ ಕಂದಾಚಾರ ಎಂಬ ವ್ಯವಸ್ಥೆಯೇ ಇತ್ತು. ಅದರ ಆಳುಗಳು ಊರಿನಲ್ಲಿದ್ದುಕೊಂಡೇ ಕಾವಲು ಕಾಯುತ್ತಿದ್ದರು, ಸರ್ಕಾರದ ಕೆಲಸಕ್ಕೂ ಹೋಗುತ್ತಿದ್ದರು. ಇಂದು ನಾವು ಪೊಲೀಸು ಎನ್ನುವುದಕ್ಕೂ ಆಯುಧ ಹಿಡಿದ ಹಳ್ಳಿಗನಿಗೂ ನಡುವೆ ಆಗ ದೊಡ್ಡ ಗೋಡೆಯಿರಲಿಲ್ಲ.

ಆ ಗೋಡೆ ಎದ್ದದ್ದು 1857ರಲ್ಲಿ. ಸಿಪಾಯಿಗಳ ದಂಗೆಯಿಂದ ಬೆದರಿದ ಕಂಪನಿ ಸರ್ಕಾರ ಅದೇ ವರ್ಷ ಆಯುಧಗಳನ್ನು ಇಟ್ಟುಕೊಳ್ಳುವುದನ್ನು ನಿಯಂತ್ರಿಸುವ ಕಾಯ್ದೆ ತಂದಿತು. ಇದಕ್ಕೆ ಕರ್ನಾಟಕದಲ್ಲಿ ಬಂದ ಉತ್ತರವನ್ನು ನಾವೆಲ್ಲ ಬಲ್ಲೆವು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಬೇಟೆ ಮತ್ತು ಕಾವಲು ಅವರ ಬದುಕು. ಆಯುಧ ಹೋದರೆ ಬದುಕೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಈ ಕಥೆಯ ಲಾವಣಿಯನ್ನು ಮುಂದೆ ಸಂಗ್ರಹಿಸಿ ಪ್ರಕಟಿಸಿದವನು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್.

ಹಲಗಲಿಯಲ್ಲಿ ಬದಲಾದದ್ದು ಮೂಲಭೂತವಾದ ಒಂದು ಎಣಿಕೆ. ಅಲ್ಲಿಯವರೆಗೆ ಆಯುಧದಿಂದ ಏನು ಮಾಡಿದೆ ಎಂಬುದು ಅಪರಾಧವಾಗುತ್ತಿತ್ತು. ಅಲ್ಲಿಂದ ಮುಂದೆ ಆಯುಧ ಇದೆ ಎಂಬುದೇ ಉತ್ತರ ಕೊಡಬೇಕಾದ ಸಂಗತಿಯಾಯಿತು. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಆಯುಧ ಕಾಯ್ದೆ ಈ ಎಣಿಕೆಯನ್ನು ಬ್ರಿಟಿಷ್ ಇಂಡಿಯಾದ ಶಾಶ್ವತ ನಿಯಮವಾಗಿಸಿತು. ಪರವಾನಗಿಯಿಲ್ಲದೆ ಭಾರತೀಯ ಕೋವಿ ಹಿಡಿಯುವಂತಿಲ್ಲ. ಐರೋಪ್ಯರಿಗೆ ಮಾತ್ರ ವಿನಾಯಿತಿ. ಹೀಗಾಗಿ 1887ರಲ್ಲಿ ಮದರಾಸಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಕಾಯ್ದೆಯನ್ನು ಬದಲಿಸಬೇಕೆಂದು ಕೇಳಿತು. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು.

ಎಲ್ಲ ಭಾರತೀಯರನ್ನೂ ಸರ್ಕಾರ ಒಂದೇ ಕಣ್ಣಿನಿಂದ ನೋಡಲಿಲ್ಲ ಎಂಬುದಕ್ಕೆ ಉದಾಹರಣೆ ಕೊಡಗು. ಹಲಗಲಿ ಸುಟ್ಟು ನಾಲ್ಕು ವರ್ಷ ತುಂಬುವ ಮೊದಲೇ, 1861ರ ಫೆಬ್ರವರಿ 26ರಂದು, ಮೈಸೂರು ಮತ್ತು ಕೊಡಗಿನ ಆಡಳಿತ ನೋಡುತ್ತಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣದಿಂದ ವಿನಾಯಿತಿ ಕೊಟ್ಟ. ಅವರ ನಿಷ್ಠೆಗೂ ಸರ್ಕಾರಕ್ಕೆ ಸಲ್ಲಿಸಿದ ಸೇವೆಗೂ ಇದು ಮನ್ನಣೆ ಎಂಬುದು ಅವನು ಕೊಟ್ಟ ಕಾರಣ. ಕೊಡಗಿನಲ್ಲಿ ಕೋವಿ ಬರಿಯ ಆಯುಧವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯ ಅಲ್ಲಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಆದರೂ ಒಂದು ಮಾತು ಮರೆಯಬಾರದು. ಹಲಗಲಿಯವರು ತಮ್ಮದೆಂದು ತಿಳಿದದ್ದನ್ನು ಉಳಿಸಿಕೊಳ್ಳಲು ಹೋಗಿ ಸತ್ತರು. ಕೊಡಗಿನವರಿಗೆ ತಮ್ಮದೇ ಆಗಿದ್ದದ್ದು ಸರ್ಕಾರದ ಔದಾರ್ಯವಾಗಿ ಮರಳಿ ಬಂತು. ಎರಡು ಕಡೆಯಲ್ಲಿಯೂ ತೀರ್ಮಾನಿಸಿದವನು ದೊರೆಯೇ.

ಸ್ವಾತಂತ್ರ್ಯ ಬಂದ ಮೇಲೆ ಈ ಲೆಕ್ಕ ಬದಲಾಯಿತೇ? ಬದಲಾಯಿಸುವ ಒಂದು ಪ್ರಯತ್ನ ನಡೆಯಿತು. ಅದನ್ನು ಮಾಡಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. 1948ರ ಡಿಸೆಂಬರಿನಲ್ಲಿ ಅವರು ಸಂವಿಧಾನ ರಚನಾ ಸಭೆಯಲ್ಲಿ ಕರಾಚಿ ನಿರ್ಣಯವನ್ನು ನೆನಪಿಸಿ, ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಹಾಗೆ ಹಕ್ಕು ಕೊಟ್ಟರೆ ದರೋಡೆಕೋರರಂಥವರೂ ಅದನ್ನು ಕೇಳುವಂತಾಗುತ್ತದೆ ಎಂಬುದು ಅವರ ವಾದದ ತಿರುಳು. ದೇಶವಿಭಜನೆಯ ರಕ್ತಪಾತ ಕಣ್ಣೆದುರಿಗಿದ್ದ ಆ ದಿನಗಳಲ್ಲಿ ಸಭೆಗೆ ಆ ವಾದ ಸರಿಯೆನಿಸಿತು. ತಿದ್ದುಪಡಿ ಬಿತ್ತು. ನಮ್ಮ ಸಂವಿಧಾನದ 19ನೆಯ ವಿಧಿ ಜನರಿಗೆ ಸಭೆ ಸೇರುವ ಹಕ್ಕನ್ನು ಕೊಡುವಾಗಲೇ, ಶಾಂತವಾಗಿ ಮತ್ತು ಆಯುಧಗಳಿಲ್ಲದೆ ಎಂಬ ಮಾತನ್ನು ಸೇರಿಸಿದೆ. ಅಮೆರಿಕದಲ್ಲಿ ಆಯುಧ ಸಂವಿಧಾನ ಹೇಳಿದ ಹಕ್ಕು. ನಮ್ಮಲ್ಲಿ ಅದು ಸರ್ಕಾರ ಕೊಡುವ ಅನುಮತಿ. ಪ್ರತಿದಿನ ಗುಂಡಿಗೆ ಬಲಿಯಾಗುವವರ ಸುದ್ದಿ ಅಮೆರಿಕದಿಂದ ಬರುತ್ತಿರುವಾಗ, ನಮ್ಮ ಹಿರಿಯರ ಆಯ್ಕೆ ತಪ್ಪೆಂದು ಹೇಳುವುದು ಕಷ್ಟ. ಆದರೆ ಆ ಆಯ್ಕೆಗೆ ಒಂದು ಬೆಲೆಯುಂಟು. ಅನುಮತಿ ಪಡೆದವನು ಸದಾ ತನ್ನ ಅನುಮತಿಯನ್ನು ಸಾಬೀತು ಮಾಡುತ್ತಲೇ ಇರಬೇಕು.

1878ರ ಕಾಯ್ದೆಯ ಜಾಗದಲ್ಲಿ 1959ರ ಆಯುಧ ಕಾಯ್ದೆ ಬಂತು. 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಅದರ ಎರಡು ಸೆಕ್ಷನ್ನುಗಳಲ್ಲಿ ನಮ್ಮ ರೈತನ ಪ್ರಶ್ನೆಗೆ ಉತ್ತರವಿದೆ.

ಮೊದಲನೆಯದು 19ನೆಯ ಸೆಕ್ಷನ್. ಆಯುಧ ಒಯ್ಯುತ್ತಿರುವ ಯಾರನ್ನಾದರೂ ಪೊಲೀಸ್ ಅಧಿಕಾರಿ ಪರವಾನಗಿ ತೋರಿಸೆಂದು ಕೇಳಬಹುದು. ತೋರಿಸದಿದ್ದರೆ, ಅಥವಾ ಪರವಾನಗಿ ಬೇಕಿಲ್ಲದ ವಿನಾಯಿತಿ ತನಗಿದೆಯೆಂದು ತೋರಿಸದಿದ್ದರೆ, ಹೆಸರು ವಿಳಾಸ ಕೇಳಬಹುದು, ಅಗತ್ಯವೆನಿಸಿದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಹೆಸರು ವಿಳಾಸ ಹೇಳಲು ನಿರಾಕರಿಸಿದರೆ, ಹೇಳಿದ್ದು ಸುಳ್ಳೆಂದು ಅನುಮಾನ ಬಂದರೆ, ತಲೆಮರೆಸಿಕೊಳ್ಳುವ ಇರಾದೆ ಕಂಡರೆ, ಆಗ ಈ ಸೆಕ್ಷನ್ನಿನ ಕೆಳಗೆ ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಇಲ್ಲಿರುವ ಮೆಟ್ಟಿಲುಗಳನ್ನು ಗಮನಿಸಬೇಕು. ಮೊದಲು ಕಾಗದ, ನಂತರ ಹೆಸರು, ನಂತರ ಕೋವಿ, ಕೊನೆಗೆ ಮನುಷ್ಯ. ಕಾಗದ ಮರೆತ ರೈತನ ಕೋವಿ ಠಾಣೆಯಲ್ಲಿ ಉಳಿಯಬಹುದು. ತನ್ನ ಹೆಸರು, ಊರು, ಪರವಾನಗಿಯ ವಿವರಗಳನ್ನು ನೇರವಾಗಿ ಹೇಳಿದವನನ್ನು ಮರೆವಿಗಾಗಿಯೇ ಲಾಕಪ್ಪಿಗೆ ತಳ್ಳಲು ಈ ಸೆಕ್ಷನ್ ಕೈ ನೀಡುವುದಿಲ್ಲ.

ಎರಡನೆಯದು 20ನೆಯ ಸೆಕ್ಷನ್. ಇದು ಹೆಚ್ಚು ಹರಿತವಾದದ್ದು. ಕಾನೂನುಬಾಹಿರ ಕೆಲಸಕ್ಕೆ ಬಳಸುವ ಉದ್ದೇಶವಿದೆಯೆಂಬ ನ್ಯಾಯವಾದ ಅನುಮಾನ ಹುಟ್ಟಿಸುವಂಥ ರೀತಿಯಲ್ಲಿ ಆಯುಧ ಒಯ್ಯುತ್ತಿರುವವನನ್ನು, ಪರವಾನಗಿ ಇರಲಿ ಬಿಡಲಿ, ವಾರಂಟಿಲ್ಲದೆ ಹಿಡಿಯಬಹುದು. ಪೊಲೀಸರಷ್ಟೇ ಅಲ್ಲ, ರೈಲ್ವೆ ಅಥವಾ ವಿಮಾನದ ನೌಕರನೂ ಹಿಡಿಯಬಹುದು. ಹಾಗಾದರೆ ಪರವಾನಗಿಯ ಬೆಲೆಯೇನು ಎಂದು ಓದುಗರು ಕೇಳಬಹುದು. ಉತ್ತರ ಇರುವುದು ಅನುಮಾನಕ್ಕೆ ಅಂಟಿಕೊಂಡಿರುವ ನ್ಯಾಯವಾದ ಎಂಬ ವಿಶೇಷಣದಲ್ಲಿ. ಕೋವಿ ಕಂಡಿತು ಎಂಬುದು ಕಾರಣವಲ್ಲ. ಮಧ್ಯರಾತ್ರಿ ವೈರಿಯ ಮನೆಯ ಮುಂದೆ ತೋಟಾ ತುಂಬಿದ ಕೋವಿಯೊಡನೆ ಅಡ್ಡಾಡುವುದು ಕಾರಣ. ಈ ಎರಡರ ನಡುವಿನ ಗೆರೆಯನ್ನು ಆ ಹೊತ್ತಿಗೆ ಎಳೆಯುವವನು ರಸ್ತೆಯ ಮೇಲಿರುವ ಪೊಲೀಸಿನವನೇ. ನ್ಯಾಯಾಲಯ ಬರುವುದು ಆಮೇಲೆ. ಅಷ್ಟರಲ್ಲಿ ಮನುಷ್ಯನೊಬ್ಬನ ಒಂದು ರಾತ್ರಿಯ ಸ್ವಾತಂತ್ರ್ಯ ಹೋಗಿರುತ್ತದೆ. ಊರಿನಲ್ಲಿ ಹೆಸರೂ ಹೋಗಿರುತ್ತದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಂಥ ಕಡೆ ಈ ಗೆರೆ ಇನ್ನಷ್ಟು ಮಸುಕು. 1986ರಲ್ಲಿ ಬೆಂಗಳೂರಿನಿಂದ ಬೇರ್ಪಟ್ಟ ಈ ಜಿಲ್ಲೆಯನ್ನು ನಗರ ಸುತ್ತಿಕೊಂಡಿದೆ. ಜಿಲ್ಲೆಯಲ್ಲಿ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ; ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್. ದೇವನಹಳ್ಳಿ ತಾಲ್ಲೂಕಿನಲ್ಲಿಯೇ ಇರುವ, 2008ರಲ್ಲಿ ತೆರೆದ ವಿಮಾನ ನಿಲ್ದಾಣದ ಪೊಲೀಸ್ ಠಾಣೆ ನಗರ ಕಮಿಷನರರ ಕೈಕೆಳಗಿನದು. ಪರವಾನಗಿಯಲ್ಲಿ ಅದು ಎಲ್ಲಿಯವರೆಗೆ ಸಲ್ಲುತ್ತದೆಂದು ಬರೆದಿರುತ್ತದೆ. ಆ ಗಡಿ ದಾಟಿದರೆ ಕಾಗದವಿದ್ದೂ ಇಲ್ಲದಂತೆ. ಜಾತ್ರೆ, ಮೆರವಣಿಗೆ, ಸಾರ್ವಜನಿಕ ಸಭೆಗಳಿಗೆ ಕೋವಿ ಒಯ್ಯಬಾರದೆಂಬುದೂ ಪರವಾನಗಿಯ ಷರತ್ತು. ಬೆಳೆ ಕಾಯುವ ನಳಿಗೆಮದ್ದಿನ ಕೋವಿಗೆ ಕಾಯ್ದೆಯೇ ಬೇರೆ ಸ್ಥಾನ ಕೊಟ್ಟಿದೆ. ಆದರೆ ಅದನ್ನು ಹಿಡಿದು ಮಾಕಳಿದುರ್ಗದ ಅಥವಾ ಶಿವಗಂಗೆಯ ಕಾಡಿನಂಚಿನಲ್ಲಿ ರಾತ್ರಿ ನಿಂತರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪಾಸಣೆ ಮಾಡುವ ಅರಣ್ಯಾಧಿಕಾರಿಗೂ ಉತ್ತರ ಹೇಳಬೇಕಾಗುತ್ತದೆ.

ವಿಮಾನ ನಿಲ್ದಾಣದಲ್ಲಿ ಇನ್ನೊಂದು ಬಗೆಯ ಇಕ್ಕಟ್ಟಿದೆ. ಚೀಲದ ಮೂಲೆಯಲ್ಲಿ ಮರೆತು ಉಳಿದ ಒಂದು ತೋಟಾ ಎಕ್ಸ್‌ರೇ ಯಂತ್ರಕ್ಕೆ ಕಂಡರೆ ಮೊಕದ್ದಮೆ ಖಚಿತ. ಇಲ್ಲಿ ನ್ಯಾಯಾಲಯಗಳು ಹಿಡಿದಿರುವ ಸೂತ್ರ ಸ್ಪಷ್ಟವಾಗಿದೆ. ತನ್ನ ಬಳಿ ಇದೆಯೆಂಬ ಅರಿವಿನಿಂದ ಇಟ್ಟುಕೊಂಡಿದ್ದರೆ ಮಾತ್ರ ಅದು ಕಾನೂನಿನ ದೃಷ್ಟಿಯಲ್ಲಿ ಸ್ವಾಧೀನ. 1972ರ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿತು. 1994ರಲ್ಲಿ ಸಂಜಯ್ ದತ್ ಪ್ರಕರಣದ ಸಂವಿಧಾನ ಪೀಠವೂ ಅರಿವಿನ ಸ್ವಾಧೀನವೇ ಬೇಕೆಂದಿತು. ಈ ನೆಲೆಯಲ್ಲಿ ಹಲವು ಮೊಕದ್ದಮೆಗಳು ಹೈಕೋರ್ಟುಗಳಲ್ಲಿ ರದ್ದಾಗಿವೆ. ಆದರೆ ರದ್ದಾಗುವುದು ವಿಮಾನ ತಪ್ಪಿ, ವಕೀಲರ ಫೀಜು ಕೊಟ್ಟು ಎಷ್ಟೋ ತಿಂಗಳಾದ ಮೇಲೆ.

ದಸ್ತಗಿರಿಯಾದವನಿಗೆ ಕಾವಲಾಗಿರುವುದು ಸಂವಿಧಾನದ 22ನೆಯ ವಿಧಿ. ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದಸ್ತಗಿರಿ ಪತ್ರ, ಸಾಕ್ಷಿಯ ಸಹಿ, ಮನೆಯವರಿಗೆ ಸುದ್ದಿ ಇವನ್ನೆಲ್ಲ ಕಡ್ಡಾಯ ಮಾಡಿತು. ಆಯುಧ ಕಾಯ್ದೆಯಲ್ಲಿಯೇ ಇನ್ನೊಂದು ತಡೆಯಿದೆ. ಪರವಾನಗಿಯಿಲ್ಲದೆ ಆಯುಧ ಹೊಂದಿದ ಆರೋಪದ ಮೇಲೆ 3ನೆಯ ಸೆಕ್ಷನ್ನಿನಡಿ ಮೊಕದ್ದಮೆ ಹೂಡಲು ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು.

ಕೊಡಗಿನ ವಿನಾಯಿತಿಯೂ ಇಂದು ಕಾಗದದ ಮೇಲೆಯೇ ನಿಂತಿದೆ. ಕೊಡವರೂ ಜಮ್ಮಾ ಹಿಡುವಳಿದಾರರೂ ವಿನಾಯಿತಿ ಪತ್ರವನ್ನು ತೋರಿಸಬೇಕು. ಜಿಲ್ಲೆಯ ಹೊರಗೆ ಒಯ್ಯುವ ಆಯುಧಕ್ಕೆ ಮಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಇದು ತಾರತಮ್ಯವೆಂಬ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು. ಕಬ್ಬನ್ ಬರೆದ ಆದೇಶದ ನೆರಳು ಅಷ್ಟು ದೂರ ಬಂದಿದೆ.

ಚುನಾವಣೆ ಬಂದಾಗ ಇನ್ನೊಂದು ಚಿತ್ರ. ಯಾರು ತಮ್ಮ ಆಯುಧವನ್ನು ಠಾಣೆಗೆ ಒಪ್ಪಿಸಬೇಕೆಂದು ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳಿರುವ ಪರಿಶೀಲನಾ ಸಮಿತಿ ನಿರ್ಧರಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಒಬ್ಬೊಬ್ಬರ ನಡತೆ ನೋಡಿ ತೀರ್ಮಾನಿಸಬೇಕೆಂಬುದೇ ಇದರ ಅರ್ಥ. ಎಲ್ಲರನ್ನೂ ಒಟ್ಟಾಗಿ ಶಂಕಿಸುವುದು ಸುಲಭ. ಆದರೆ ಅದು 1857ರ ದಾರಿ.

ಅಂಬೇಡ್ಕರ್ ಕಂಡ ಅಪಾಯ ನಿಜವಾದದ್ದು. ಆಯುಧ ನಿಯಂತ್ರಣ ಬೇಕು. ರಸ್ತೆಯಲ್ಲಿ ಕೋವಿ ಹಿಡಿದವನನ್ನು ತಡೆದು ಕೇಳದ ಪೊಲೀಸು ತನ್ನ ಕೆಲಸ ಮಾಡದ ಪೊಲೀಸು. ಆದರೆ ಕೇಳುವುದು ಬೇರೆ, ಕೂಡಿಹಾಕುವುದು ಬೇರೆ. ಕೋವಿ ಹಿಡಿದವನ ಕರ್ತವ್ಯ ಮೂಲ ಪರವಾನಗಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು, ಕೇಳಿದಾಗ ತಕರಾರಿಲ್ಲದೆ ತೋರಿಸುವುದು. ಅದನ್ನು ಓದಿ ನೋಡಿ, ಸರಿಯಿದ್ದರೆ ಕೋವಿಯನ್ನು ಮರಳಿಸಿ ದಾರಿ ಬಿಡುವುದು ಪೊಲೀಸರ ಕರ್ತವ್ಯ. ಪ್ರಜೆಯ ಮೇಲಿನ ನಂಬಿಕೆ ದೊರೆಯ ಮರ್ಜಿಯಲ್ಲ, ಕಾನೂನಿನ ಮಾತು ಎಂಬುದು ಗೊತ್ತಾಗುವುದು ಅಲ್ಲಿಯೇ.